‘ನಾವು ನೋಡ್ಕೋತೀವಿ’ ಅಂದರೆ ಯಾರು, ಹೇಗೆ ಅಂತ ಕೇಳಿರಿ

ಪಿಯುಸಿ ಫಲಿತಾಂಶ ಬಂದಿದೆ. ಆಟಿಸಂ ಇರುವ ಮಕ್ಕಳ ತಂದೆತಾಯಿ ಈಗ ಕಾಲೇಜು ಹುಡುಕುತ್ತಾ ಬಿಸಿಲಲ್ಲಿ ಅಲೆಯುತ್ತಿರುತ್ತೀರಿ. ಎರಡು ವರ್ಷದ ಹಿಂದೆ ಕಲಬುರಗಿಯಲ್ಲಿ ನಾನೂ ಹೀಗೇ ಅಲೆದೆ. ಫೀಸು ಕಟ್ಟುವ ಮೊದಲು ಇದನ್ನು ಓದಿರಿ.

ನನ್ನ ಮಗನಿಗೆ ಲೆಕ್ಕ ಅಂದರೆ ಜೀವ. ಜಮಾ ಖರ್ಚು ಸರಿಹೊಂದಿದರೆ ಅವನ ಮುಖ ಅರಳುತ್ತದೆ. ಆದರೆ ಗದ್ದಲ ತಡೆಯುವುದಿಲ್ಲ, ಮುಂಚೆ ಹೇಳದೆ ಏನಾದರೂ ಬದಲಾದರೆ ಕಂಗಾಲಾಗುತ್ತಾನೆ. ಬಿ.ಕಾಂ.ಗೆ ಸೇರಿಸಲು ಹೋದ ಖಾಸಗಿ ಕಾಲೇಜಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಪ್ರಿನ್ಸಿಪಾಲರು ಚಹಾ ತರಿಸಿ, “ಅಕ್ಕಾರ, ಚಿಂತಿ ಮಾಡಬ್ಯಾಡ್ರಿ, ನಮ್ಮ ಮಗ ಅಂತ ತಿಳ್ಕೊಂಡು ನೋಡ್ಕೋತೀವಿ” ಅಂದರು. ಅದಕ್ಕೂ ಮೊದಲು ಎರಡು ಕಡೆ ಬಾಗಿಲಿಂದಲೇ ಕಳಿಸಿದ್ದರು, ಈ ಮಾತಿಗೆ ನನಗೆ ಕಣ್ಣೀರೇ ಬಂತು. ಪಕ್ಕದಲ್ಲೇ ಕೂತಿದ್ದ ಮಗನನ್ನು ಅವರು ಒಂದು ಮಾತೂ ಕೇಳಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಇಡೀ ವರ್ಷದ ಫೀಸು ಕಟ್ಟಿ, ಒರಿಜಿನಲ್ ಅಂಕಪಟ್ಟಿ, ಟಿಸಿ ಕೊಟ್ಟು ಬಂದೆ.

ಪಾಠ ಮಾಡುವವರಲ್ಲಿ ಒಬ್ಬರಿಗೂ ಅವನ ವಿಷಯ ತಿಳಿಸಿರಲಿಲ್ಲ. ಕಿವಿ ಮುಚ್ಚಿಕೊಂಡು ಕೂತರೆ ಸೊಕ್ಕು ಅಂದರು. ಮುಖ ನೋಡಿ ಉತ್ತರ ಕೊಡಲಿಲ್ಲವೆಂದು ಹೊರಗೆ ನಿಲ್ಲಿಸಿದರು.

ವೆಲ್‌ಕಮ್ ಪಾರ್ಟಿಯ ದಿನ ನೆನೆದರೆ ಈಗಲೂ ಎದೆ ನಡುಗುತ್ತದೆ. ಡಿಜೆ ಹಚ್ಚಿದ್ದರು. ಕುಣಿ ಬಾ ಅಂತ ಹುಡುಗರು ಕೈಹಿಡಿದು ಸ್ಟೇಜಿಗೆ ಎಳೆದರಂತೆ. ಬಿಡಿಸಿಕೊಂಡು ಗೇಟಿನಾಚೆ ಓಡಿದ, ಬ್ಯಾಗು ಮೊಬೈಲು ಕ್ಲಾಸಿನಲ್ಲೇ ಉಳಿದವು. ಕಾಲೇಜಿನಿಂದ ಒಂದು ಫೋನೂ ಬರಲಿಲ್ಲ. ಊಟದ ಹೊತ್ತು ಮೀರಿತಲ್ಲ ಎಂದು ನಾನೇ ಮಾಡಿದರೆ “ಮನಿಗೆ ಬಂದಿರಬೇಕಲ್ರಿ” ಅಂದರು. ಎರಡು ತಾಸು ಹುಡುಕಿದೆವು. ಅಪ್ಪನ ಕೆರೆಯ ದಂಡೆಯ ಮೇಲೆ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದ. ಶರಣಬಸವೇಶ್ವರ ಗುಡಿಗೆ ಹೋದಾಗೆಲ್ಲ ಅವನನ್ನು ಅಲ್ಲಿ ಕೂರಿಸುತ್ತಿದ್ದೆ, ಆ ಜಾಗ ಅವನಿಗೆ ಗೊತ್ತಿತ್ತು. “ಅವ್ವಾ, ಅಲ್ಲಿ ಸಪ್ಪಳ ಭಾಳ ಅದ” ಅಂದ, ಅಷ್ಟೇ.

ಅಂದೇ ಬಿಡಿಸಬೇಕಿತ್ತು. ಒಂದು ಪರೀಕ್ಷೆ ಬರೆಯಲಿ ಎಂದು ಕಾದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ಇದ್ದವರಿಗೆ, ಬೇರೆಯವರಿಂದ ಬರೆಸದೆ ತಾವೇ ಬರೆದರೂ, ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಹೆಚ್ಚು ಕೊಡಲು ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ಯುಡಿಐಡಿ ಕಾರ್ಡಿನ (ಅಂಗವೈಕಲ್ಯದ ಸರ್ಕಾರಿ ಗುರುತಿನ ಚೀಟಿ) ಜೆರಾಕ್ಸ್ ಹಚ್ಚಿ ಅರ್ಜಿ ಕೊಟ್ಟಿದ್ದೆ. ಅದು ವಿಶ್ವವಿದ್ಯಾಲಯಕ್ಕೆ ಹೋಗಲೇ ಇಲ್ಲ. ಕೇಳಿದರೆ, “ಕೈಕಾಲು ಚಲೋ ಅವ, ಇವಗ್ಯಾಕ್ರಿ ಟೈಮು?” ಅಂದರು ಆಫೀಸಿನವರು. ಕೊಟ್ಟಿದ್ದಕ್ಕೆ ನನ್ನ ಹತ್ತಿರ ಗುರುತಿರಲಿಲ್ಲ. ನೀವು ಇನ್ನೊಂದು ಪ್ರತಿಯ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಬಿಡಿಸಲು ಹೋದಾಗ, ಉಳಿದ ಎರಡು ವರ್ಷದ ಫೀಸು ಕಟ್ಟಿದರೆ ಮಾತ್ರ ಟಿಸಿ ಅಂದರು. ಒರಿಜಿನಲ್ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಅದರ ಪ್ರಿಂಟ್ ಮೇಜಿನ ಮೇಲಿಟ್ಟ ಮೇಲೆ ಕೊಟ್ಟರು. ಕಟ್ಟಿದ ಹಣ ಬರಲಿಲ್ಲ. ಫೀಸು ವಾಪಸಿಗೆ ಗಡುವಿರುತ್ತದೆ, ಅದು ದಾಟಿ ಹೋಗಿತ್ತು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳು ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕು. ಸರ್ಕಾರಿ ಕಾಲೇಜು ಅಂದರೆ ಗದ್ದಲ ಎಂದುಕೊಂಡು ನಾನು ಆ ಕಡೆ ಕಾಲೇ ಇಡಲಿಲ್ಲ. ನೀವು ಅಲ್ಲಿಂದಲೇ ಶುರುಮಾಡಿ. ರಜೆಯಲ್ಲಿ ನೋಡಿದರೆ ಎಲ್ಲ ಕಾಲೇಜೂ ಶಾಂತ. ಕ್ಲಾಸು ನಡೆಯುವಾಗ, ಬೆಲ್ ಹೊಡೆಯುವ ಹೊತ್ತಿಗೆ ಮಗುವನ್ನೂ ಕರೆದುಕೊಂಡು ಹೋಗಿ. ತೊಂದರೆಯಾದರೆ ಯಾವ ಮೇಷ್ಟ್ರ ಬಳಿ ಹೋಗಬೇಕು, ಸುಮ್ಮನೆ ಕೂರಲು ಯಾವ ಕೋಣೆ, ನಿಮಗೆ ಫೋನ್ ಮಾಡುವವರು ಯಾರು, ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.

ಮಗ ಈಗ ಒಂದು ಅನುದಾನಿತ ಕಾಲೇಜಿನಲ್ಲಿ ಮತ್ತೆ ಮೊದಲ ವರ್ಷದಿಂದ ಓದುತ್ತಿದ್ದಾನೆ. ಮೊದಲ ದಿನ ಅಲ್ಲಿನ ಮೇಡಂ ನನ್ನನ್ನು ಬಿಟ್ಟು ಅವನನ್ನೇ ಕೇಳಿದರು: “ನಿನಗ ಎಲ್ಲಿ ಕೂತ್ರ ಚಲೋ ಅನಸ್ತದಪಾ?” ಅವನು ಬಾಗಿಲ ಪಕ್ಕದ ಬೆಂಚು ತೋರಿಸಿದ.