500 ಮೈಕ್ರಾನ್ ಶೀಟು: ಎರಡು ಬೇಸಿಗೆ ಕಂಡ ಮೇಲೆ

ನಮ್ಮದು ನಾಗಮಂಗಲ ತಾಲ್ಲೂಕು. ಮಂಡ್ಯ ಜಿಲ್ಲೆ ಅಂದ ಕೂಡಲೇ ಜನಕ್ಕೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, ಕಬ್ಬು, ಆಲೆಮನೆ ನೆನಪಾಗುತ್ತೆ. ನಮ್ಮ ಹೊಲಕ್ಕೆ ಅದ್ಯಾವುದೂ ಇಲ್ಲ. ರಾಗಿ, ಒಂದಷ್ಟು ತೆಂಗು, ಆಕಾಶ ನೋಡೋದು. 21 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ತೋಡಿಸಿದ್ದೆ. ಬದಿಯ ಓರೆ ಕಳೆದು ಲೆಕ್ಕ ಹಾಕಿದರೂ ಒಂಬತ್ತೂ ಮುಕ್ಕಾಲು ಲಕ್ಷ ಲೀಟರ್ ಹಿಡಿಯಬೇಕು. ಕೆಂಪು ಗರಸು ನೆಲ, ತುಂಬಿದ ನೀರು ಹನ್ನೆರಡು ದಿನಕ್ಕೆ ಕುಡಿದು ಕೂತಿತು. ಹಾಗಾಗಿ ಮಂಡ್ಯದ ಒಂದು ಅಂಗಡಿಯಿಂದ ಎಚ್‌ಡಿಪಿಇ ಜಿಯೋಮೆಂಬ್ರೇನ್, ಅಂದರೆ ನೀರು ಇಂಗದ ಹಾಗೆ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಶೀಟು ಹಾಕಿಸಿದೆ. ಅಂಗಡಿ ಹೆಸರು ಬೇಡ, ಕಾರಣ ಮುಂದೆ ಬರುತ್ತೆ.

ಮೊದಲು ಅಳತೆ ವಿಷಯ, ಇಲ್ಲೇ ಜನ ಮೋಸ ಹೋಗೋದು. ನನಗೆ ಬೇಕಿದ್ದದ್ದು 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ್ದು. ನಾನು ಕೇಳಿದ ಮೊದಲ ಕಡೆ ‘500ರ ಶೀಟು’ ಅಂತ ಅಗ್ಗದ ದರ ಹೇಳಿದರು. ಕೆದಕಿದರೆ ಅದು 500 ಗೇಜು, ದಪ್ಪದ ಬೇರೆಯದೇ ಅಳತೆ. 500 ಗೇಜು ಅಂದರೆ ಸುಮಾರು 127 ಮೈಕ್ರಾನ್, ನಾಲ್ಕನೇ ಒಂದು ಪಾಲು! ಎರಡನೇ ಕಡೆ ಮೈಕ್ರಾನ್ ಅಂತಲೇ ಹೇಳಿದರು, ಆದರೂ ನಂಬಲಿಲ್ಲ. ಒಂದು ಮೀಟರ್ ಚೌಕದ ತುಂಡು ಕೊಯ್ಸಿಕೊಂಡು ಪಕ್ಕದ ದಿನಸಿ ಅಂಗಡಿ ತಕ್ಕಡಿ ಮೇಲಿಟ್ಟೆ. ಈ ಪ್ಲಾಸ್ಟಿಕ್ಕು ನೀರಿಗಿಂತ ಚೂರು ಹಗುರ, ಅದಕ್ಕೇ ಅರ್ಧ ಮಿಲಿಮೀಟರ್ ದಪ್ಪಕ್ಕೆ 470 ಗ್ರಾಂ ಆಸುಪಾಸು ತೂಗಬೇಕು. 466 ತೂಗಿತು. ಅಲ್ಲೇ ಅಡ್ವಾನ್ಸ್ ಕೊಟ್ಟೆ. (ಈ ಲೆಕ್ಕ ನೇಯ್ದ ಶೀಟಿಗೆ ಹೊಂದಲ್ಲ, ನಾನು ಹೇಳ್ತಿರೋದು ಒಂದೇ ಪದರದ ಕಪ್ಪು ಶೀಟಿನ ಮಾತು. ಆ ಕಪ್ಪು ಬಣ್ಣ ಚೆಂದಕ್ಕಲ್ಲ, ಬಿಸಿಲು ತಡೆಯಲು ಬೆರೆಸುವ ಕಾರ್ಬನ್ನು.)

ಹಾಕಲು ಬಂದ ಹುಡುಗರು ನಿಜಕ್ಕೂ ಕೆಲಸಗಾರರು. ಮೊದಲ ದಿನ ಶೀಟು ಬಿಚ್ಚಲೇ ಇಲ್ಲ. ಹೊಂಡದ ಮೈ ಮೇಲೆ ಬರಿಗಾಲಲ್ಲಿ ಓಡಾಡಿ, ಕಾಲಿಗೆ ಚುಚ್ಚಿದ ಕಲ್ಲು, ಬೇರು ಎಲ್ಲಾ ಕೀಳಿಸಿದರು. ಜರಡಿ ಹಿಡಿದ ಕೆರೆಗೋಡು ಮಣ್ಣು ನನ್ನ ಕೈಲೇ ಹರಡಿಸಿದರು. ಎರಡನೇ ದಿನ ಎರಡು ತುಂಡು ಶೀಟನ್ನು ಬಿಸಿ ಮಾಡಿ ಬೆಸೆದರು. ಬೆಸುಗೆ ಎರಡು ಸಾಲು, ನಡುವೆ ಕೊಳವೆಯ ಹಾಗೆ ಸಂದು. ಎರಡೂ ತುದಿ ಮುಚ್ಚಿ, ಆ ಸಂದಿಗೆ ಸೂಜಿ ಚುಚ್ಚಿ ಗಾಳಿ ತುಂಬಿ, ಮೀಟರ್ ಮುಳ್ಳು ಇಳಿಯುತ್ತಾ ಅಂತ ಕಾದು ನೋಡಿದರು. ಸೈಕಲ್ ಟ್ಯೂಬಿಗೆ ಪಂಕ್ಚರ್ ನೋಡಿದ ಹಾಗೇ.

ಮಧ್ಯಾಹ್ನದ ಹೊತ್ತಿಗೆ ಶೀಟು ಅಲೆ ಅಲೆಯಾಗಿ ಎದ್ದಿತ್ತು. ದಡದ ಕಾಲುವೆಗೆ ಅಂಚು ಇಳಿಸಿ ಮಣ್ಣು ಮುಚ್ಚಿ ಮುಗಿಸ್ರಪ್ಪಾ ಅಂದೆ.

“ಈಗ ಬ್ಯಾಡ ಕಣಣ್ಣ. ಬಿಸ್ಲಲ್ಲಿ ಬಿಗಿದ್ರೆ ರಾತ್ರಿ ತಣ್ಣಗಾದಾಗ ಎಳ್ಕೊಂಡು ಕಮಾನಾಯ್ತದೆ. ನೀರು ಬಿದ್ದಾಗ ಅಲ್ಲೇ ಹರೀತದೆ.”

ಒಂದು ದಿನದ ಊಟ ಹೆಚ್ಚಾಯ್ತಲ್ಲ ಅಂತ ಗೊಣಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅಲೆ ಒಂದೂ ಇಲ್ಲ, ಅಂಚು ಒಂದು ಗೇಣು ಒಳಕ್ಕೆ ಸರಿದಿದೆ. ಆಮೇಲೆ ಬಾಯಿ ಮುಚ್ಚಿಕೊಂಡೆ.

ಅವರಲ್ಲೊಬ್ಬ ಕಸ ಹೂಳುವ ಜಾಗಗಳಲ್ಲಿ ಇದೇ ಕೆಲಸ ಮಾಡಿ ಬಂದವನು. ಅಲ್ಲಿ ಒಂದೂವರೆ ಮಿಲಿಮೀಟರ್ ಶೀಟು, ಅದರಡಿ 90 ಸೆಂಟಿಮೀಟರ್ ಜೇಡಿಮಣ್ಣು. 2016ರ ಘನತ್ಯಾಜ್ಯ ನಿಯಮವೇ ಹಾಗಿತ್ತು. ನಾವು ನೀರು ಹೋಗದಿರಲಿ ಅಂತ ಹಾಸಿದರೆ ಅವರು ಕೊಳೆನೀರು ಯಾರದೋ ಬೋರ್‌ವೆಲ್ಲಿಗೆ ಇಳಿಯದಿರಲಿ ಅಂತ ಹಾಸೋದು. ಮೈಸೂರಿನ ಸೂಯೇಜ್ ಫಾರಂ ಕಡೆ ಕಸದ ಗುಡ್ಡ ಕಂಡವರಿಗೆ ಆ ಕಪ್ಪು ನೀರಿನ ಬಗ್ಗೆ ಹೇಳಬೇಕಿಲ್ಲ. ನಮ್ಮ ಹೊಂಡ ಸೋರಿದರೆ ಕೋಲು ನೋಡಿ ಗೊತ್ತಾಗುತ್ತೆ. ಅಲ್ಲಿ ಸೋರಿದರೆ ಕುಡಿದವರಿಗೇ ಗೊತ್ತಾಗಬೇಕು.

ಕೋಲಿನ ಮಾತು ಬಂತಲ್ಲ. ಸಿಮೆಂಟ್ ತುಂಬಿದ ಪೇಂಟ್ ಡಬ್ಬಿಯಲ್ಲಿ ಪೈಪು ನಿಲ್ಲಿಸಿ, ಅಡಿಗೆ ಮಿಕ್ಕ ಶೀಟಿನ ತುಂಡು ಕೊಟ್ಟು, ಗುರುತು ಹಾಕಿ ಹೊಂಡಕ್ಕಿಳಿಸಿದ್ದೆ. ಮೊದಲ ಬೇಸಿಗೆ ಪಂಪು ಓಡಿಸದ ದಿನ ಅರ್ಧ ಸೆಂಟಿಮೀಟರ್ ಇಳಿಯುತ್ತಿತ್ತು, ಅದು ಬಿಸಿಲಿನ ಪಾಲು. ಎರಡನೇ ಬೇಸಿಗೆ ಇದ್ದಕ್ಕಿದ್ದಂತೆ ದಿನಕ್ಕೆ ಮೂರು. ಹುಡುಕಾಡಲಿಲ್ಲ, ಕಾದೆ. ಒಂದು ಮಟ್ಟಕ್ಕೆ ಬಂದು ಮತ್ತೆ ಅರ್ಧಕ್ಕೆ ನಿಂತಿತು. ಆ ಗೆರೆಯಲ್ಲೇ ಸುತ್ತ ನೋಡಿದರೆ ತೂತು ಸಿಕ್ಕಿತು: ಪಂಪಿನ ಪೈಪಿನ ಜಾಯಿಂಟ್ ಕ್ಲಿಪ್ಪು ಉಜ್ಜಿ ಉಜ್ಜಿ ಹರಿದದ್ದು. ತಪ್ಪು ನನ್ನದೇ.

ಈ ಪ್ಲಾಸ್ಟಿಕ್ಕಿಗೆ ಯಾವ ಗೋಂದೂ ಕಚ್ಚಲ್ಲ. ಫೆವಿಕ್ವಿಕ್ ಹಚ್ಚಿ ನೋಡಿದೆ, ಸಿಪ್ಪೆ ಸುಲಿದ ಹಾಗೆ ಬಂತು. ಬಿಸಿ ಬೆಸುಗೆಯೇ ಆಗಬೇಕು. ಅಂಗಡಿಗೆ ಫೋನ್ ಮಾಡಿದರೆ “ನಾಳೆ ಕಳಿಸ್ತೀವಿ ಸಾರ್”. ಆ ನಾಳೆ ಬರಲು 19 ದಿನ ಹಿಡಿಯಿತು, ಅಂಗೈಯಗಲದ ತೇಪೆಗೆ! ಬಿಲ್ಲಿನಲ್ಲಿ ಐದು ವರ್ಷ ಗ್ಯಾರಂಟಿ ಶೀಟಿಗೆ ಮಾತ್ರ, ಬೆಸುಗೆಗೆ, ರಿಪೇರಿಗೆ ಒಂದಕ್ಷರವಿಲ್ಲ. ತಗೊಳ್ಳೋರು ಅದನ್ನು ಬರೆಸಿಕೊಳ್ಳಿ.

ಶೀಟಿಗೆ ಐದಕ್ಕೆ ನಾಲ್ಕೂವರೆ, ಹುಡುಗರಿಗೆ ಐದು, ಅಂಗಡಿಗೆ ಎರಡು. ಇನ್ನೊಂದು ಮಾತು: ನೆಂದ ಶೀಟು ಎಣ್ಣೆ ಸವರಿದ ಬಂಡೆ ಇದ್ದ ಹಾಗೆ, ಈಜು ಬರುವವನೂ ಹತ್ತಲಾರ. ನಮ್ಮ ನಾಯಿ ಬಿದ್ದು ಅರ್ಧ ಗಂಟೆ ಒದ್ದಾಡಿತು. ಅವತ್ತೇ ಸಂಜೆ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟೆ, ಸುತ್ತ ಬೇಲಿ ಮರುವಾರ ಆಯಿತು.