ವೆರಿಫೈ ಮಾಡೋದಾ, ರೀಇನ್‌ಸ್ಟಾಲ್ ಮಾಡೋದಾ? ಗೇಮ್ ಕ್ರ್ಯಾಶ್‌ಗೆ ನಾನು ಮಾಡಿ ನೋಡಿದ ಉಪಾಯಗಳು

ಪಿಸಿಯಲ್ಲಿ ಆನ್‌ಲೈನ್ ಗೇಮ್ ಕ್ರ್ಯಾಶ್ ಆಗ್ತಿದೆ ಅಂತ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಂದೇ: ಡಿಲೀಟ್ ಮಾಡಿ ಮತ್ತೆ ಹಾಕು. 80 ಜಿಬಿ ಗೇಮ್ ಅನ್ನು 40 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್‌ನಲ್ಲಿ ಇಳಿಸಲು ಸುಮಾರು ನಾಲ್ಕೂವರೆ ಗಂಟೆ ಬೇಕು. ಅದೂ ನಡುವೆ ಕರೆಂಟ್ ಹೋಗದಿದ್ದರೆ. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕ್‌ನಲ್ಲಿ ಆಡುವ ಹುಡುಗರಿಗೆ ಈ ಸಲಹೆ ಕೊಡುವುದರಲ್ಲಿ ಅರ್ಥವೇ ಇಲ್ಲ.

ನಾನು ಆಡುವುದು ಐದೈದು ಜನರ ತಂಡದ ಶೂಟರ್. ಮೊದಲು ಇನ್‌ಸ್ಟಾಲ್ ಆಗುವಾಗಲೇ ಎರರ್ ಬರುತ್ತಿತ್ತು. ಅದು ಸರಿಯಾದ ಮೇಲೆ ಆಟದ ಮಧ್ಯೆ ಡೆಸ್ಕ್‌ಟಾಪ್‌ಗೆ ಬಂದು ಬೀಳುತ್ತಿತ್ತು. ರ್‍ಯಾಂಕ್ಡ್ ಪಂದ್ಯದಲ್ಲಿ ಹೀಗಾದರೆ ಉಳಿದ ನಾಲ್ವರು ಐದು ಜನರ ಎದುರು ಒದ್ದಾಡಬೇಕು. ನನಗೆ ಪೆನಾಲ್ಟಿ ಬೀಳುವುದಕ್ಕಿಂತ ಅದೇ ಜಾಸ್ತಿ ಬೇಜಾರು. ಹಾಗಾಗಿ ಸಿಗುವ ಉಪಾಯಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದೆ.

ಮೊದಲನೇ ಜೋಡಿ: ವೆರಿಫೈ ಮತ್ತು ರೀಇನ್‌ಸ್ಟಾಲ್. ನನ್ನ ಓಟು ವೆರಿಫೈಗೆ. ಗೇಮ್ ಮಾರುವ ಆ್ಯಪ್ ಸ್ಟೀಮ್‌ನಲ್ಲಿ ಗೇಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್‌ಗೆ ಹೋದರೆ ಈ ಬಟನ್ ಇದೆ. ಅಂಥದ್ದೇ ಇನ್ನೊಂದು ಆ್ಯಪ್ ಎಪಿಕ್‌ನಲ್ಲಿ ಮೂರು ಚುಕ್ಕಿ ಒತ್ತಿ ಮ್ಯಾನೇಜ್‌ಗೆ ಹೋಗಬೇಕು. ನಿಮ್ಮ ಡಿಸ್ಕ್‌ನಲ್ಲಿರುವ ಒಂದೊಂದು ಫೈಲನ್ನೂ ಸರ್ವರ್‌ನ ಪಟ್ಟಿಗೆ ಹೋಲಿಸಿ, ಕೆಟ್ಟಿದ್ದನ್ನು ಮಾತ್ರ ಮತ್ತೆ ಇಳಿಸುತ್ತದೆ. ಎಸ್‌ಎಸ್‌ಡಿಯಲ್ಲಿ ಕೆಲವೇ ನಿಮಿಷದ ಕೆಲಸ. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಅಪ್‌ಡೇಟ್‌ಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಒಂದು ಫೈಲ್ ಸರಿಯಿಲ್ಲ ಅಂತ ಬಂದರೆ ಗಾಬರಿ ಬೇಡ. ಸೆಟ್ಟಿಂಗ್ಸ್ ಬರೆದಿಡುವ ಫೈಲ್‌ಗಳು ಬದಲಾಗಿರುವುದು ಸಹಜ.

ರೀಇನ್‌ಸ್ಟಾಲ್ ಎಲ್ಲವನ್ನೂ ಅಳಿಸುತ್ತದೆ ಅನ್ನೋದು ತಪ್ಪು ಕಲ್ಪನೆ. ಗೇಮ್ ಫೋಲ್ಡರ್ ಹೋಗುತ್ತದೆ, ನಿಜ. ಆದರೆ ಯೂಸರ್ ಫೋಲ್ಡರ್ ಒಳಗಿನ ಲೋಕಲ್ ಆಪ್‌ಡೇಟಾದಲ್ಲಿ, ಕೆಲವೊಮ್ಮೆ ಡಾಕ್ಯುಮೆಂಟ್ಸ್‌ನಲ್ಲಿ, ಹಳೆಯ ಸೆಟ್ಟಿಂಗ್ಸ್ ಹಾಗೇ ಉಳಿದಿರುತ್ತವೆ. ಶೇಡರ್ ಕ್ಯಾಶ್ (ಚಿತ್ರ ಬಿಡಿಸಲು ಮೊದಲೇ ಸಿದ್ಧ ಮಾಡಿಟ್ಟ ಕೋಡ್) ಕೂಡ ಬೇರೆ ಕಡೆ ಕೂತಿರುತ್ತದೆ. ತೊಂದರೆ ಅಲ್ಲಿದ್ದರೆ 80 ಜಿಬಿ ಇಳಿಸಿಯೂ ಮತ್ತೆ ಅದೇ ಕ್ರ್ಯಾಶ್. ಅದರ ಬದಲು ಆ ಸೆಟ್ಟಿಂಗ್ಸ್ ಫೋಲ್ಡರ್‌ನ ಹೆಸರು ಬದಲಿಸಿ ಗೇಮ್ ಶುರು ಮಾಡಿ. ಗೇಮ್ ತಾನೇ ಹೊಸದೊಂದನ್ನು ಮಾಡಿಕೊಳ್ಳುತ್ತದೆ. ಡಿಸ್ಕ್ ಕ್ಲೀನಪ್‌ನಲ್ಲಿ ಡೈರೆಕ್ಟ್‌ಎಕ್ಸ್ ಶೇಡರ್ ಕ್ಯಾಶ್‌ಗೂ ಟಿಕ್ ಹಾಕಿ. ಎರಡಕ್ಕೂ ಸೇರಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಡ.

ಇನ್ನು ಡಿಎಲ್‌ಎಲ್ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ಕಾಣಿಸುತ್ತಿಲ್ಲ ಅನ್ನುವ ಎರರ್. ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಅಂತ ಹೆಸರಿದ್ದರೆ ಅದು ವಿಷುವಲ್ ಸಿ++ ರಿಡಿಸ್ಟ್ರಿಬ್ಯೂಟಬಲ್ ಎಂಬ ಮೈಕ್ರೋಸಾಫ್ಟ್ ಪ್ಯಾಕೇಜ್‌ಗೆ ಸೇರಿದ್ದು. ಇಲ್ಲಿ ಎರಡು ದಾರಿ. ಒಂದು, ಯಾವುದೋ ಸೈಟಿನಿಂದ ಆ ಒಂದೇ ಫೈಲ್ ತಂದು ವಿಂಡೋಸ್‌ನ ಸಿಸ್ಟಂ32 ಫೋಲ್ಡರ್‌ಗೆ ಹಾಕುವುದು. ಎರಡು, ಮೈಕ್ರೋಸಾಫ್ಟ್‌ನ ಪೂರ್ತಿ ಪ್ಯಾಕೇಜ್ ಹಾಕುವುದು. ಮೊದಲನೆಯದನ್ನು ದಯವಿಟ್ಟು ಮಾಡಬೇಡಿ. ಆ ಫೈಲ್ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಮೇಲಾಗಿ ವರ್ಶನ್ ಹೊಂದದಿರಬಹುದು. ಪ್ಯಾಕೇಜ್ ಹಾಕುವಾಗ 32 ಬಿಟ್, 64 ಬಿಟ್ ಎರಡೂ ಹಾಕಿ. ಗೇಮ್ 64 ಬಿಟ್ ಇದ್ದರೂ ಲಾಂಚರ್ 32 ಇರಬಹುದು. ಕೊನೆಯಲ್ಲಿ 7ಬಿ ಅಂತ ಮುಗಿಯುವ ಎರರ್ ಕೋಡ್ ಬಂದರೆ ಸಾಮಾನ್ಯವಾಗಿ ಇವೆರಡೂ ಅದಲುಬದಲಾಗಿವೆ ಎಂದೇ ಅರ್ಥ. ನನ್ನ ಇನ್‌ಸ್ಟಾಲ್ ಎರರ್‌ಗಳಲ್ಲಿ ಒಂದು ಹೋಗಿದ್ದು ಇದರಿಂದಲೇ.

ವಿಂಡೋಸ್ ಫೈಲ್‌ಗಳ ರಿಪೇರಿಗೆ ಎಸ್‌ಎಫ್‌ಸಿ ಮತ್ತು ಡಿಐಎಸ್‌ಎಂ ಎಂಬ ಎರಡು ಕಮಾಂಡ್ ಇವೆ. ಇವು ಎದುರಾಳಿಗಳಲ್ಲ, ಜೊತೆಗಾರರು. ಡಿಐಎಸ್‌ಎಂ ಮೊದಲು, ಎಸ್‌ಎಫ್‌ಸಿ ಆಮೇಲೆ. ಎಸ್‌ಎಫ್‌ಸಿ ಒಳ್ಳೆಯ ಫೈಲ್ ತೆಗೆದುಕೊಳ್ಳುವ ಉಗ್ರಾಣವನ್ನೇ ಡಿಐಎಸ್‌ಎಂ ಸರಿ ಮಾಡುತ್ತದೆ. ನನ್ನ ಗೇಮ್ ಮೇಲೆ ಇದರಿಂದ ಏನೂ ವ್ಯತ್ಯಾಸ ಆಗಲಿಲ್ಲ.

ಗ್ರಾಫಿಕ್ಸ್ ಡ್ರೈವರ್ ವಿಷಯದಲ್ಲಿ ಮೂರು ಪಂಗಡ. ಹಳೆಯದರ ಮೇಲೇ ಹೊಸದು ಹಾಕುವವರು, ಎನ್‌ವಿಡಿಯಾ ಇನ್‌ಸ್ಟಾಲರ್‌ನಲ್ಲೇ ಇರುವ ಕ್ಲೀನ್ ಇನ್‌ಸ್ಟಾಲೇಶನ್ ಆರಿಸುವವರು, ಸೇಫ್ ಮೋಡ್‌ಗೆ ಹೋಗಿ ಡಿಡಿಯು (ಹಳೆಯ ಡ್ರೈವರನ್ನು ಅಳಿಸುವ ಟೂಲ್) ಬಳಸಿ ಪೂರ್ತಿ ಗುಡಿಸಿ ಹಾಕುವವರು. ಕಾರ್ಡ್ ಅದೇ ಇದ್ದರೆ ಎರಡನೆಯದು ಸಾಕು ಅನ್ನೋದು ನನ್ನ ಅಭಿಪ್ರಾಯ. ಎಎಂಡಿಯಿಂದ ಎನ್‌ವಿಡಿಯಾಗೆ, ಅಥವಾ ಉಲ್ಟಾ ಬದಲಾಗಿದ್ದರೆ ಮಾತ್ರ ಡಿಡಿಯು. ಆಗ ನೆಟ್ ಕೇಬಲ್ ತೆಗೆದಿಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ಬಂದು ತನ್ನದೇ ಡ್ರೈವರ್ ಹಾಕಿಬಿಡುತ್ತದೆ. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುತ್ತದೆ. ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ 4101 ಅಂತ ಕಾಣುವುದು ಅದೇ. ಈ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ ಹಿಗ್ಗಿಸಿ ಅಂತ ಹೇಳುವವರಿದ್ದಾರೆ. ಹಾಗೆ ಮಾಡಿದರೆ ಪರದೆ ಇನ್ನಷ್ಟು ಹೊತ್ತು ನಿಂತಿರುತ್ತದೆ ಅಷ್ಟೇ, ಕಾರಣ ಹಾಗೇ ಉಳಿಯುತ್ತದೆ.

ಗೇಮ್ ಶುರುವೇ ಆಗದಿದ್ದರೆ ಆ್ಯಂಟಿ ಚೀಟ್ (ಮೋಸದ ಆಟ ತಡೆಯುವ ಸಾಫ್ಟ್‌ವೇರ್) ಕಡೆ ನೋಡಿ. ವ್ಯಾಲರಂಟ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಎರಡೂ ಆನ್ ಇರಬೇಕು. ಇದು ಬಯಾಸ್‌ನ (ವಿಂಡೋಸ್ ಶುರುವಾಗುವ ಮೊದಲಿನ ಮದರ್‌ಬೋರ್ಡ್ ಸೆಟ್ಟಿಂಗ್ಸ್) ಕೆಲಸ. ಗೇಮ್ ಎಷ್ಟು ಸಲ ಹಾಕಿದರೂ ಬದಲಾಗುವುದಿಲ್ಲ.

ಇಷ್ಟೆಲ್ಲ ಆದರೂ ಪಂದ್ಯದ ಮಧ್ಯೆ ಬೀಳೋದು ನಿಲ್ಲಲಿಲ್ಲ. ದಾರಿ ತೋರಿಸಿದ್ದು ಮತ್ತೆ ವೆರಿಫೈ. ಒಂದಾದ ಮೇಲೊಂದು ವೆರಿಫೈ ಮಾಡುತ್ತಾ ಹೋದರೆ ಪ್ರತಿ ಸಲವೂ ಬೇರೆ ಬೇರೆ ಫೈಲ್ ಕೆಟ್ಟಿದೆ ಅನ್ನುತ್ತಿತ್ತು. ಇದನ್ನು ಗಮನವಿಟ್ಟು ನೋಡಿ. ಯಾವಾಗಲೂ ಅದೇ ಫೈಲ್ ಹೇಳಿದರೆ ಆ್ಯಂಟಿವೈರಸ್ ಅದನ್ನು ತಡೆಯುತ್ತಿರಬಹುದು, ಅಥವಾ ಗೇಮ್ ತಾನೇ ಬದಲಿಸುತ್ತಿರಬಹುದು. ಪ್ರತಿ ಸಲ ಹೊಸ ಹೆಸರು ಬಂದರೆ ಓದುವ ಯಂತ್ರದ ಮೇಲೇ ಅನುಮಾನ ಪಡಬೇಕು. ಅಂದರೆ ರ್‍ಯಾಮ್, ಡಿಸ್ಕ್, ಇಲ್ಲವೇ ಪ್ರೊಸೆಸರ್.

ರ್‍ಯಾಮ್ ನೋಡಲು ಮೂರು ದಾರಿ. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಬೇಗ ಮುಗಿಯುತ್ತದೆ, ಅದರಲ್ಲಿ ನನ್ನದು ಪಾಸ್ ಆಯಿತು. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿ ಬಿಟ್ಟು ಮಲಗಬೇಕು. ಬೆಳಿಗ್ಗೆ ಪರದೆಯ ಮೇಲೆ ಕೆಂಪು ಸಾಲುಗಳಿದ್ದವು. ಮೂರನೆಯದು ಎಲ್ಲಕ್ಕಿಂತ ಸುಲಭ: ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ್‍ಯಾಮ್ ಅನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ಆಡಿ ನೋಡುವುದು. ಆಗ ನನ್ನ 3200ರ ರ್‍ಯಾಮ್ 2666ಕ್ಕೆ ಇಳಿಯಿತು, ಕ್ರ್ಯಾಶ್ ನಿಂತಿತು. ಆಮೇಲೆ 3000ಕ್ಕೆ ಏರಿಸಿ ಮತ್ತೆ ರಾತ್ರಿಯಿಡೀ ಪರೀಕ್ಷೆ ಮಾಡಿದೆ, ಒಂದೂ ಎರರ್ ಇಲ್ಲ. ಈಗ ಅಲ್ಲೇ ಇಟ್ಟಿದ್ದೇನೆ. ಆಟದಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣುತ್ತಿಲ್ಲ. ಪುಕ್ಕಟೆ, ಎರಡು ನಿಮಿಷದ ಕೆಲಸ, ಏನನ್ನೂ ಅಳಿಸಬೇಕಾಗಿಲ್ಲ. ಇಷ್ಟಿದ್ದೂ ಸಲಹೆಗಳ ಪಟ್ಟಿಯಲ್ಲಿ ಇದು ಕೊನೆಗೆ ಬರೋದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಒಂದು ಹೆಜ್ಜೆ ಮುಂದೆ ಹೋಗಬೇಕು. ಅವುಗಳಲ್ಲಿ ಹಲವು ಮಾಡೆಲ್‌ಗಳಿಗೆ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಹಾಳಾಗುವ ತೊಂದರೆಯಿದೆ ಎಂದು ಕಂಪನಿಯೇ 2024ರಲ್ಲಿ ಒಪ್ಪಿ, ಆಗಸ್ಟ್‌ನಿಂದ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ಸರಿಪಡಿಕೆ ಕೊಟ್ಟಿತು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಶೇಡರ್ ಸಿದ್ಧವಾಗುವಾಗ ವಿಡಿಯೋ ಮೆಮೊರಿ ಸಾಲದು ಎಂಬ ಎರರ್ ಬರುವುದು ಇದರ ಹೆಸರುವಾಸಿ ಲಕ್ಷಣ. ಕಾರ್ಡ್‌ನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ ಬರುತ್ತದೆ. ಆ ಸರಿಪಡಿಕೆ ಬಯಾಸ್ ಜೊತೆ ಬರುತ್ತದೆ, ಹಾಗಾಗಿ ಬಯಾಸ್ ಅಪ್‌ಡೇಟ್ ಮಾಡಿ. ಆದರೆ ಆಗಲೇ ಹಾಳಾದ ಚಿಪ್ ಅದರಿಂದ ಸರಿಯಾಗುವುದಿಲ್ಲ, ಬದಲಿಸಿಯೇ ಕೊಡಿಸಿಕೊಳ್ಳಬೇಕು.

ಕೊನೆಗೂ ಗೇಮ್ ಕಂಪನಿಯ ಸಪೋರ್ಟ್‌ಗೆ ಬರೆಯಲೇಬೇಕಾಗಿ ಬಂದರೆ ಸುಮ್ನೆ "ಕ್ರ್ಯಾಶ್ ಆಗ್ತಿದೆ" ಅನ್ನಬೇಡಿ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಹುಡುಕಿ. ದಿನವಾರು ಕೆಂಪು ಗುರುತುಗಳು ಕಾಣುತ್ತವೆ. ಗೇಮ್ ಬಿದ್ದ ದಿನದ ಗುರುತು ಒತ್ತಿದರೆ ಫಾಲ್ಟ್ ಮಾಡ್ಯೂಲ್ (ತಪ್ಪು ನಡೆದ ಫೈಲ್) ಹೆಸರು, ಎರರ್ ಕೋಡ್, ಸಮಯ ಮೂರೂ ಸಿಗುತ್ತವೆ. ಅದನ್ನು ಕಾಪಿ ಮಾಡಿ, ಜೊತೆಗೆ ಡಿಎಕ್ಸ್‌ಡಯಾಗ್ (ಪಿಸಿಯ ವಿವರಗಳನ್ನು ಪಟ್ಟಿ ಮಾಡುವ ವಿಂಡೋಸ್ ಟೂಲ್) ಫೈಲ್ ಸೇರಿಸಿ, ಯಾವುದನ್ನೆಲ್ಲ ಮಾಡಿ ನೋಡಿದ್ದೀರಿ ಅನ್ನುವುದನ್ನೂ ಬರೆದು ಕಳಿಸಿ.