ಹಸಿರು ಟಿಕ್ ನಂಬಿ ಸೆಕೆಂಡ್‌ಹ್ಯಾಂಡ್ ಗೇಮಿಂಗ್ ಪಿಸಿ ತಗೋಬೇಡಿ

ಸೆಕೆಂಡ್‌ಹ್ಯಾಂಡ್ ಗೇಮಿಂಗ್ ಪಿಸಿ ಹುಡುಕುತ್ತಿರುವವರು, ಮಕ್ಕಳ ಹಟಕ್ಕೆ ಸೋತು ಹುಡುಕುತ್ತಿರುವ ಅಪ್ಪಂದಿರೂ ಸೇರಿ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. "ನಿಮ್ಮ ಕಂಪ್ಯೂಟರಲ್ಲಿ ಈ ಗೇಮ್ ಓಡುತ್ತಾ?" ಅಂತ ಪರೀಕ್ಷೆ ಮಾಡಿ ಹೇಳುವ ವೆಬ್‌ಸೈಟುಗಳಿವೆಯಲ್ಲ, ಅವು ಕೊಡುವ ಹಸಿರು ಟಿಕ್ಕನ್ನೇ ಮುಂದಿಟ್ಟುಕೊಂಡು ಮೋಸ ಮಾಡುವವರು ಹುಟ್ಟಿಕೊಂಡಿದ್ದಾರೆ. ನಮ್ಮ ಭಾವನ 28,000 ರೂಪಾಯಿ ಹೋಗಿದ್ದು ಹಾಗೆ.

ಅಕ್ಕನ ಮಗ ಪಿಯುಸಿ ಮುಗಿಸಿದ್ದ. ಒಳ್ಳೇ ಮಾರ್ಕ್ಸ್ ಬಂದರೆ ಕಂಪ್ಯೂಟರ್ ಅಂತ ಭಾವ ಮಾತು ಕೊಟ್ಟಾಗಿತ್ತು. ಹುಡುಗನಿಗೆ ಬೇಕಿದ್ದದ್ದು ಒಂದೇ, ಸೈಬರ್‌ಪಂಕ್ 2077 ಅನ್ನೋ ಗೇಮ್ ಆಡೋದು. ಹೊಸದು ಜೋಡಿಸೋಕೆ ಬಜೆಟ್ ಸಾಲದು ಅಂತ ಹಳೇ ಸಾಮಾನು ಮಾರುವ ಆ್ಯಪೊಂದರಲ್ಲಿ ನೋಡುತ್ತಿದ್ದಾಗ ಬೆಂಗಳೂರಿನ ಒಂದು ಜಾಹೀರಾತು ಸಿಕ್ಕಿತು: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, ಗೇಮಿನ ಚಿತ್ರ ಮೂಡಿಸುವ ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್. "ಎಕ್ಸಾಮ್ ಇದೆ, ಅರ್ಜೆಂಟ್ ಸೇಲ್."

ಅವನು ಕಣ್ಣು ಮುಚ್ಚಿ ತಗೊಂಡವನಲ್ಲ. ಅಪ್ಪನ ಜೊತೆ ಹಾಸನದಿಂದ ಬಸ್ಸು ಹತ್ತಿ ಬಂದು, ಮಾರುವವನ ರೂಮಿನಲ್ಲೇ ಕೂತು, ಆ ಮೆಷಿನ್‌ನಲ್ಲೇ ಪರೀಕ್ಷೆ ಮಾಡುವ ವೆಬ್‌ಸೈಟ್ ತೆಗೆದು, ಅವರ ಚಿಕ್ಕ ಪ್ರೋಗ್ರಾಮ್ ಇಳಿಸಿಕೊಂಡು ಓಡಿಸಿದ. ಮಾರುವವನು ತಕರಾರು ಮಾಡಲಿಲ್ಲ, "ಮಾಡ್ಕೊಳ್ಳಿ, ಮಾಡ್ಕೊಳ್ಳಿ" ಅಂತ ಕುರ್ಚಿ ಬಿಟ್ಟುಕೊಟ್ಟನಂತೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಲ್ಲಕ್ಕೂ ಹಸಿರು ಟಿಕ್. ಗೇಮನ್ನೇ ಹಾಕಿ ತೋರಿಸಿ ಅಂದರೆ "70 ಜಿಬಿ ಸಾರ್, ನಮ್ ನೆಟ್ಟಲ್ಲಿ ಇಳಿಯೋ ಹೊತ್ತಿಗೆ ಬೆಳಗಾಗುತ್ತೆ" ಅಂದು, ಹತ್ತು ಹದಿನೈದು ವರ್ಷದ ಹಳೇ ಗೇಮೊಂದನ್ನು ಓಡಿಸಿ ತೋರಿಸಿದ. ಅದು ಚೆನ್ನಾಗೇ ಓಡಿತು. ಹೊರಡುವಾಗ ಇನ್ನೊಂದು ಮಾತು ಹೇಳಿದ: "ಗ್ರಾಫಿಕ್ಸ್ ಡ್ರೈವರ್ ಮಾತ್ರ ಅಪ್‌ಡೇಟ್ ಮಾಡ್ಬೇಡಿ ಸಾರ್, ನಾನು ಸೆಟ್ಟಿಂಗ್ ಮಾಡಿಟ್ಟಿದೀನಿ, ಎಲ್ಲಾ ಹೋಗ್ಬಿಡುತ್ತೆ."

ಯಾರಾದರೂ ನಿಮಗೆ ಈ ಮಾತು ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಕಾರಣ ಮುಂದೆ ಹೇಳುತ್ತೇನೆ.

ಮನೆಗೆ ಬಂದು ಗೇಮ್ ಕೊಂಡು, ಇಳಿಸಿ, ಶುರು ಮಾಡಿದರೆ ಎರರ್. ಡ್ರೈವರ್, ಅಂದರೆ ವಿಂಡೋಸ್ ಮತ್ತು ಕಾರ್ಡ್ ನಡುವೆ ಮಾತಾಡಿಸುವ ಸಾಫ್ಟ್‌ವೇರ್, ಹಳೇದು ಅಂದಿತು. ಹುಡುಗ ಈ ಜಿಟಿಎಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಯ ಹೊಸ ಡ್ರೈವರ್ ಹಾಕಹೋದ. ರೀಸ್ಟಾರ್ಟ್ ಆದಮೇಲೆ ಅಕ್ಷರಗಳೆಲ್ಲ ದಪ್ಪದಪ್ಪ, ಕಾರ್ಡೇ ಇಲ್ಲವೆನ್ನುವ ಹಾಗೆ ಸ್ಕ್ರೀನು. ಮಾರಿದವನಿಗೆ ಫೋನ್ ಮಾಡಿದರೆ "ಅಪ್‌ಡೇಟ್ ಬೇಡ ಅಂದಿದ್ನಲ್ಲ ಸಾರ್" ಅಂದ. ಮುಂದಿನ ಸಲ ಫೋನ್ ಎತ್ತಲಿಲ್ಲ, ಆಮೇಲೆ ಸ್ವಿಚ್ ಆಫ್. "ಮಾಮಾ, ನಾನೇ ಹಾಳು ಮಾಡ್ಬಿಟ್ನಾ?" ಅಂತ ಹುಡುಗ ನನಗೆ ಫೋನ್ ಮಾಡಿದ್ದು ಆಗ.

ನಾನು ಹೋಗಿ ನೋಡಿದಾಗ ಕ್ಯಾಬಿನೆಟ್ ಬಿಚ್ಚುವ ಮೊದಲೇ ಅನುಮಾನ ಬಂತು. ಹಿಂದುಗಡೆ ಗ್ರಾಫಿಕ್ಸ್ ಕಾರ್ಡಿನ ಪಟ್ಟಿಯಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್, ಹಳೇ ಮಾನಿಟರಿನ ಎರಡು ಸ್ಕ್ರೂ ತಿರುಗಿಸುವ ವೈರು ಕೂರುತ್ತಲ್ಲ, ಅದು. ಮನೆಯಲ್ಲಿದ್ದ ಹಳೇ ಮಾನಿಟರಿಗೆ ಸರಿಯಾಗಿ ಹೊಂದಿತು ಅಂತ ಭಾವ ಅದನ್ನು ನೋಡಿ ಖುಷಿಯೇ ಪಟ್ಟಿದ್ದರಂತೆ. ಎನ್‌ವಿಡಿಯಾ 2016ರಲ್ಲಿ ತಂದ ಜಿಟಿಎಕ್ಸ್ 10 ಸರಣಿಯ ಚಿಪ್‌ಗಳು ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ಲನ್ನೇ ಹೊರಗೆ ಕೊಡುವುದಿಲ್ಲ. 1060 ಅಂತ ಹೇಳಿಕೊಳ್ಳುವ ಕಾರ್ಡಿನಲ್ಲಿ ವಿಜಿಎ ಪೋರ್ಟ್ ಕಂಡರೆ ಅದು 1060 ಆಗಿರುವ ಸಂಭವ ಬಹಳ ಕಡಿಮೆ.

ಹೊಸ ಡ್ರೈವರ್ ತೆಗೆದುಹಾಕಿ, ಗ್ರಾಫಿಕ್ಸ್ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಅನ್ನುವ ಪುಟ್ಟ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವಿನಿಂದ ಓಡಿಸಿದೆ. ಕಾರ್ಡಿನ ಹೆಸರಿನ ಮುಂದೆ ಚೌಕ ಆವರಣದಲ್ಲಿ ದೊಡ್ಡಕ್ಷರದಲ್ಲಿ "ಫೇಕ್" ಅಂತ ಬಂತು, ಕಂಪನಿ ಲೋಗೋ ಇರಬೇಕಾದ ಜಾಗದಲ್ಲಿ ಎಚ್ಚರಿಕೆಯ ತ್ರಿಕೋನ. 2018ರಿಂದ ಈ ಪ್ರೋಗ್ರಾಮಿಗೆ ನಕಲಿ ಕಾರ್ಡ್ ಹಿಡಿಯುವುದು ಗೊತ್ತು. ಕೆಳಗೆ ಓದುತ್ತ ಹೋದರೆ ಚಿಪ್ಪಿನ ಹೆಸರು ಜಿಎಫ್116, ಟೆಕ್ನಾಲಜಿ (ಚಿಪ್ ತಯಾರಿಕೆಯ ಅಳತೆ, ಕಡಿಮೆಯಾದಷ್ಟೂ ಹೊಸದು) 40 ನ್ಯಾನೋಮೀಟರ್, ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) 192. ಅಸಲಿ 1060 6 ಜಿಬಿ ಆಗಿದ್ದರೆ ಅಲ್ಲಿ 16 ನ್ಯಾನೋಮೀಟರ್, 1280 ಶೇಡರ್ ಇರಬೇಕಿತ್ತು. ಅಂದರೆ ಇದು 2011ರ ಜಿಟಿಎಕ್ಸ್ 550 ಟಿಐ ಕಾಲದ ಕಾರ್ಡು. ಅದರ ಬಯಾಸ್, ಅಂದರೆ ಕಾರ್ಡಿನೊಳಗೇ ಬರೆದಿಟ್ಟ ಸಾಫ್ಟ್‌ವೇರ್ ತಿದ್ದಿ, "ನಾನು 1060, ನನ್ನಲ್ಲಿ 6 ಜಿಬಿ ಇದೆ" ಅಂತ ಹೇಳಿಸಿದ್ದಾರೆ.

ಹಸಿರು ಟಿಕ್ ಬಂದದ್ದೂ ಇದರಿಂದಲೇ. ಪರೀಕ್ಷೆ ಮಾಡುವ ವೆಬ್‌ಸೈಟು ಕಾರ್ಡಿನ ಶಕ್ತಿಯನ್ನು ಅಳೆಯುವುದಿಲ್ಲ. ವಿಂಡೋಸ್ ಹೇಳಿದ ಹೆಸರನ್ನು ತಗೊಂಡು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ, ಅಷ್ಟೇ. ವಿಂಡೋಸಿಗೆ ಹೆಸರು ಬರುವುದು ಕಾರ್ಡ್ ಮತ್ತು ಅದರ ಡ್ರೈವರಿನಿಂದ. ಬುಡದಲ್ಲಿರುವ ಕಾರ್ಡೇ ಸುಳ್ಳು ಹೇಳಿದರೆ ಮೇಲಿನವರೆಲ್ಲ ಅದನ್ನೇ ಒಪ್ಪಿಸುತ್ತಾರೆ. ಡಿವೈಸ್ ಮ್ಯಾನೇಜರ್ ನೋಡಿದರೂ 1060 ಅಂತಲೇ ತೋರಿಸುತ್ತಿತ್ತು, ಅದಕ್ಕೇ ಮಾರುವವನು ಅಷ್ಟು ಧಾರಾಳವಾಗಿ ಕುರ್ಚಿ ಬಿಟ್ಟುಕೊಟ್ಟದ್ದು. ಡ್ರೈವರ್ ವಿಷಯವೂ ಅಷ್ಟೇ. ಫರ್ಮಿ ಅನ್ನುವ ಈ ಹಳೇ ಪೀಳಿಗೆಯ ಚಿಪ್‌ಗಳಿಗೆ ಎನ್‌ವಿಡಿಯಾ 2018ರಲ್ಲೇ ಹೊಸ ಗೇಮ್ ಡ್ರೈವರ್ ಕೊಡುವುದನ್ನು ನಿಲ್ಲಿಸಿತು. ಹೊಸ ಡ್ರೈವರ್ ಹಾಕಿದ ತಕ್ಷಣ ಬಣ್ಣ ಬಯಲಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಹುಡುಗ ಏನೂ ಹಾಳು ಮಾಡಿರಲಿಲ್ಲ.

ಮಿಕ್ಕ ಟಿಕ್‌ಗಳ ಕಥೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇವು ನಕಲಿ ಮಾಲಿಲ್ಲದೆಯೂ ಮೋಸ ಮಾಡಬಲ್ಲವು. "ಐ7" ಅಂದದ್ದು ಸುಳ್ಳಲ್ಲ, ಒಳಗಿದ್ದದ್ದು ಐ7-2600. ಅದು ಎರಡನೇ ಪೀಳಿಗೆಯದು, 2011ರಲ್ಲಿ ಬಂದದ್ದು. ಗೆರೆಯ ನಂತರದ ಅಂಕಿ ನೋಡಿ: 2600 ಅಂದರೆ ಎರಡನೇ ಪೀಳಿಗೆ, 6700 ಅಂದರೆ ಆರನೇದು, 12400 ಅಂದರೆ ಹನ್ನೆರಡನೇದು. ಹನ್ನೆರಡನೇ ಪೀಳಿಗೆಯ ಐ3 ಕೂಡ ಈ ಐ7ನ್ನು ಲೀಲಾಜಾಲವಾಗಿ ಹಿಂದೆ ಹಾಕುತ್ತದೆ. ಮಾರುವವರು ಮಾತ್ರ "ಐ7" ಅಂತಲೇ ಕೂಗುತ್ತಾರೆ, ಮುಂದಿನ ನಂಬರ್ ಕೇಳಿದರೆ "ಐ7 ಸಾರ್, ಟಾಪ್ ಮಾಡೆಲ್" ಅಂತಾರೆ.

ಅಂಥ ಪ್ರೊಸೆಸರಿಗೂ ಟಿಕ್ ಬಂತಲ್ಲ, ಹೇಗೆ? ಆ ವೆಬ್‌ಸೈಟಿನಲ್ಲಿದ್ದದ್ದು ಹಳೇ ಪಟ್ಟಿ. ಸೈಬರ್‌ಪಂಕ್ 2020ರ ಡಿಸೆಂಬರ್ 10ರಂದು ಬಿಡುಗಡೆಯಾದಾಗ ಕನಿಷ್ಠ ಐ5-3570ಕೆ ಪ್ರೊಸೆಸರ್, ಜಿಟಿಎಕ್ಸ್ 780 ಕಾರ್ಡ್, 8 ಜಿಬಿ ರ‍್ಯಾಮ್ ಸಾಕು ಅಂದಿದ್ದರು. ಜಿಟಿಎಕ್ಸ್ 1060 6 ಜಿಬಿ ಆಗ ಶಿಫಾರಸಿನ ಸಾಲಿನಲ್ಲಿತ್ತು. 2023ರಲ್ಲಿ ದೊಡ್ಡ ಅಪ್‌ಡೇಟ್ ಬರುವ ಮುಂಚೆ ಗೇಮ್ ಮಾಡಿದ ಸಿಡಿ ಪ್ರಾಜೆಕ್ಟ್ ರೆಡ್ ಈ ಪಟ್ಟಿಯನ್ನೇ ಬದಲಿಸಿತು. ಈಗ ಕನಿಷ್ಠವೇ ಐ7-6700 ಅಥವಾ ರೈಜನ್ 5 1600, 12 ಜಿಬಿ ರ‍್ಯಾಮ್, 1060 6 ಜಿಬಿ, ಜೊತೆಗೆ ಹಾರ್ಡ್‌ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ. ಮಾಮೂಲಿ ಹಾರ್ಡ್‌ಡಿಸ್ಕಿಗೆ ಬೆಂಬಲವನ್ನೇ ಕೈಬಿಟ್ಟರು. ಭಾವನ ಮೆಷಿನ್‌ನಲ್ಲಿದ್ದದ್ದು 500 ಜಿಬಿ ಹಾರ್ಡ್‌ಡಿಸ್ಕ್. ಕಾರ್ಡ್ ಅಸಲಿಯೇ ಆಗಿದ್ದರೂ ಪ್ರೊಸೆಸರ್, ಡಿಸ್ಕ್ ಎರಡೂ ಕನಿಷ್ಠದ ಕೆಳಗೇ ಇದ್ದವು. ಮತ್ತೆ ಕನಿಷ್ಠ ಅಂದರೆ ಏನು? ಲೋ ಸೆಟ್ಟಿಂಗಿನಲ್ಲಿ, ಸೆಕೆಂಡಿಗೆ 30 ಫ್ರೇಮ್ (ಚಿತ್ರ). ವಿಡಿಯೋದಲ್ಲಿ ನೋಡಿ ಆಸೆಪಟ್ಟ ಆ ಮಳೆ, ಆ ನಿಯಾನ್ ಬೆಳಕು ಎಲ್ಲ ಅಷ್ಟರಲ್ಲಿ ಸಿಗುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಗೇಮ್ ಮಾಡಿದವರ ಸೈಟಿನಲ್ಲೋ ಗೇಮ್ ಮಾರುವ ಸ್ಟೀಮ್ ಸೈಟಿನ ಪುಟದಲ್ಲೋ ನೋಡಿ, ಬೇರೆಯವರು ಎಂದೋ ನಕಲು ಮಾಡಿಟ್ಟದ್ದನ್ನಲ್ಲ.

ಎಸ್‌ಎಂಪಿಎಸ್, ಅಂದರೆ ಒಳಗೆಲ್ಲ ಕರೆಂಟ್ ಹಂಚುವ ಡಬ್ಬಿಯ ವಿಷಯ ಯಾವ ವೆಬ್‌ಸೈಟೂ ಕೇಳುವುದಿಲ್ಲ, ಕೇಳಲು ಅದಕ್ಕೆ ದಾರಿಯೂ ಇಲ್ಲ. ಇದರಲ್ಲಿ ದಪ್ಪಕ್ಷರದಲ್ಲಿ 500 ವ್ಯಾಟ್ ಅಂತ ಬರೆದಿತ್ತು. ಪಕ್ಕದ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ಉಣ್ಣುವುದು ಈ 12 ವೋಲ್ಟಿನ ಸಾಲಿನಿಂದಲೇ. ಅಸಲಿ 1060ಕ್ಕೇ 120 ವ್ಯಾಟ್ ಬೇಕು, ಈ ಐ7ಗೆ 95. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್‌ಗಳ ದೊಡ್ಡಕ್ಷರ ಓದಲೇಬೇಡಿ, ಸಣ್ಣ ಕೋಷ್ಟಕ ಓದಿ.

ಲ್ಯಾಪ್‌ಟಾಪ್ ತಗೊಳ್ಳುವವರಿಗೂ ಒಂದೆರಡು ಮಾತು. "8 ಜಿಬಿ ಗ್ರಾಫಿಕ್ಸ್" ಅಂತ ವಿಂಡೋಸಿನಲ್ಲೇ ಇರುವ ಡಿಎಕ್ಸ್‌ಡಯಾಗ್ ಅನ್ನುವ ಮಾಹಿತಿ ಪ್ರೋಗ್ರಾಮ್ ತೆಗೆದು ತೋರಿಸುತ್ತಾರೆ. ಅಲ್ಲಿ ಮೇಲೆ ಕಾಣುವ ಒಟ್ಟು ಮೆಮೊರಿಯಲ್ಲಿ ರ‍್ಯಾಮಿನಿಂದ ಹಂಚಿಕೊಂಡದ್ದೂ ಸೇರಿರುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಬರೀ ಇಂಟೆಲ್ ಗ್ರಾಫಿಕ್ಸ್ ಇರುವ ಆಫೀಸ್ ಲ್ಯಾಪ್‌ಟಾಪೂ 8 ಜಿಬಿ ಅಂದುಬಿಡುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು ಒತ್ತಿದರೆ "ಡೆಡಿಕೇಟೆಡ್" ಬೇರೆ, "ಶೇರ್ಡ್" ಬೇರೆ ತೋರಿಸುತ್ತದೆ. ಡೆಡಿಕೇಟೆಡ್ ಮಾತ್ರ ಲೆಕ್ಕ. ಇನ್ನೊಂದು, ಒಂದೇ ಹೆಸರಿನ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಒಂದು ಲ್ಯಾಪ್‌ಟಾಪಿನಲ್ಲಿ 35 ವ್ಯಾಟ್, ಇನ್ನೊಂದರಲ್ಲಿ 80 ವ್ಯಾಟ್ ಇರಬಹುದು. ಸ್ಟಿಕ್ಕರ್ ಎರಡಕ್ಕೂ ಒಂದೇ, ಓಟ ಬೇರೆ. ಕೆಲವು ಹೊಸ ಗೇಮ್‌ಗಳಿಗೆ ಮೆಮೊರಿ ಎಷ್ಟಿದ್ದರೂ ಸಾಲದು, ರೇ ಟ್ರೇಸಿಂಗ್, ಅಂದರೆ ಬೆಳಕು ಹರಿಯುವ ದಾರಿಯ ಲೆಕ್ಕ ಮಾಡುವ ಹಾರ್ಡ್‌ವೇರೇ ಬೇಕು. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್ ಹಾಗೇ. ನಮ್ಮಲ್ಲಿ ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಧಾರಾಳವಾಗಿ ಬರುತ್ತಿದ್ದ ಜಿಟಿಎಕ್ಸ್ 1650ರಲ್ಲಿ ಅದು ಓಡುವುದಿಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಗೇಮನ್ನೇ ಓಡಿಸಿ. ಅದಕ್ಕೆ ದುಡ್ಡೂ ಬೇಕಿಲ್ಲ: ಬ್ಲ್ಯಾಕ್ ಮಿತ್ ವುಕಾಂಗ್, ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಎರಡಕ್ಕೂ ಸ್ಟೀಮಿನಲ್ಲಿ ಉಚಿತ ಬೆಂಚ್‌ಮಾರ್ಕ್ (ವೇಗ ಅಳೆಯುವ ಪ್ರೋಗ್ರಾಮ್) ಇದೆ. ಎರಡೂ ಭಾರೀ ಗೇಮ್‌ಗಳೇ, ಓಡಿಸಿದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬಂತು ಅಂತ ಕೊನೆಗೆ ಹೇಳುತ್ತವೆ. ನಕಲಿ ಕಾರ್ಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಹೋಗುವ ಹಿಂದಿನ ದಿನವೇ ಇಳಿಸಿಡಲು ಮಾರುವವರಿಗೆ ಹೇಳಿ. ಜಿಪಿಯು-ಝಡ್ ಅನ್ನು ಮಾತ್ರ ನೀವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಅವರ ಮೆಷಿನ್‌ನಲ್ಲಿ ಇದ್ದದ್ದನ್ನು ಬಳಸಬೇಡಿ. ಜಾಹೀರಾತಿನಲ್ಲಿ ಹೇಳಿದ ಕಾರ್ಡಿಗೆ ಚಿಪ್ ಕಂಪನಿಯ ಸೈಟಿನಲ್ಲಿ ಸಿಗುವ ಕೊನೆಯ ಡ್ರೈವರನ್ನು ಅವರ ಮುಂದೆಯೇ ಹಾಕಿಸಿ, ರೀಸ್ಟಾರ್ಟ್ ಮಾಡಿಸಿ. ಅಸಲಿ ಮಾಲಿಗೆ ಇದರಿಂದ ಏನೂ ಆಗುವುದಿಲ್ಲ. ಅಂದಹಾಗೆ, ಪರೀಕ್ಷೆ ಮಾಡುವ ಪ್ರೋಗ್ರಾಮ್ ಅಂತ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಜಾಹೀರಾತಾಗಿ ಬರುವುದನ್ನು ಇಳಿಸಬೇಡಿ. ಅದು ಬೇಡದ್ದನ್ನೆಲ್ಲ ತಂದು ತುಂಬಿ, "ನಿಮ್ಮ 14 ಡ್ರೈವರ್ ಕೆಟ್ಟಿವೆ, ದುಡ್ಡು ಕಟ್ಟಿ" ಅಂತ ಕಾಟ ಕೊಡುವ ಮಾಲಾಗಿರುವುದೇ ಹೆಚ್ಚು.

ಗೇಮಿನ ದುಡ್ಡು ವಾಪಸ್ ಬಂತು. ಸ್ಟೀಮಿನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೇಳಿದರೆ ಕೊಡುತ್ತಾರೆ. ಒಂದು ಎಚ್ಚರಿಕೆ: ಗೇಮ್ ಶುರುವಾಗದೆ ಅದಕ್ಕೂ ಮೊದಲು ಬರುವ ಲಾಂಚರ್ ಕಿಟಕಿ ಸುಮ್ಮನೆ ತೆರೆದಿದ್ದರೂ ಗಡಿಯಾರ ಓಡುತ್ತಿರುತ್ತದೆ. ಎರರ್ ಬಂದ ಕೂಡಲೇ ಪೂರ್ತಿ ಮುಚ್ಚಿ.

ಮೆಷಿನ್ ದುಡ್ಡು ಬಂದಿಲ್ಲ. ಯುಪಿಐನಲ್ಲಿ ಕೊಟ್ಟದ್ದರಿಂದ ಹೆಸರು, ರಶೀದಿ ನಮ್ಮ ಹತ್ತಿರ ಇದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಚಾಟು, ಜಾಹೀರಾತಿನ ಸ್ಕ್ರೀನ್‌ಶಾಟು, ಜಿಪಿಯು-ಝಡ್ ಚಿತ್ರ ಎಲ್ಲ ಸೇರಿಸಿ ದೂರು ಕೊಟ್ಟಿದ್ದೇವೆ. ಅಂಗಡಿಯಲ್ಲಿ ಬಿಲ್ ಹಾಕಿಸಿ ಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೂ ಹೋಗಬಹುದಿತ್ತು. ರೂಮಿನಲ್ಲಿ ಕೂತು ಮಾರುವವನ ಹತ್ತಿರ ಬಿಲ್ ಎಲ್ಲಿಂದ ಬರಬೇಕು.

ಅದೇ ಕ್ಯಾಬಿನೆಟ್ಟಿನ ಅದೇ ಫೋಟೋ ಈಗ ಬೇರೆ ಹೆಸರಿನಲ್ಲಿ ಮತ್ತೆ ಬಂದಿದೆ, ಈ ಸಲ ಕಾರ್ಡಿನ ಹೆಸರು 1050 ಟಿಐ. ರಿಪೋರ್ಟ್ ಮಾಡಿದ್ದೇವೆ, ಇನ್ನೂ ತೆಗೆದಿಲ್ಲ. ಬೆಂಗಳೂರಿನಲ್ಲಿ 25ರಿಂದ 30 ಸಾವಿರದೊಳಗೆ "ಐ7, ಎಕ್ಸಾಮ್ ಇದೆ, ಅರ್ಜೆಂಟ್" ಅನ್ನುವುದು ಕಣ್ಣಿಗೆ ಬಿದ್ದರೆ, ಕಾರ್ಡಿನ ಹಿಂಬದಿಯ ಪೋರ್ಟುಗಳ ಫೋಟೋ ಕಳಿಸಿ ಅಂತ ಮೊದಲು ಕೇಳಿ.